ಕೀ ತೆಗೆದರೂ ನಿಲ್ಲದ ಎಂಜಿನ್

ಹಳೆಯ ಫೋರ್ಡ್ 8ಎನ್ ಟ್ರ್ಯಾಕ್ಟರಿನ ಡೈನಮೊ ಬಿಚ್ಚಿ, ಅದರ ಜಾಗದಲ್ಲಿ ಆಲ್ಟರ್ನೇಟರ್ ಕೂರಿಸಿದ ಅಮೆರಿಕದ ರೈತರಲ್ಲಿ ಅನೇಕರು ಮೊದಲ ದಿನವೇ ಒಂದು ವಿಚಿತ್ರ ಕಂಡಿದ್ದಾರೆ. ಸೆಲ್ಫ್ ಒತ್ತಿದ ಕೂಡಲೇ ಎಂಜಿನ್ ಹಿಂದೆಂದೂ ಇಲ್ಲದ ಚುರುಕಿನಿಂದ ಹೊತ್ತಿಕೊಳ್ಳುತ್ತದೆ. ಅಮ್ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ವಾಲುತ್ತದೆ. ಕೆಲಸ ಮುಗಿಯಿತೆಂದು ಕೀ ತಿರುಗಿಸಿ ಆಫ್ ಮಾಡಿದರೆ ಎಂಜಿನ್ ನಿಲ್ಲುವುದಿಲ್ಲ. ಕೀ ಕಿತ್ತು ಜೇಬಿಗೆ ಹಾಕಿಕೊಂಡರೂ ಓಡುತ್ತಲೇ ಇರುತ್ತದೆ. ಕೊನೆಗೆ ಗೇರಿಗೆ ಹಾಕಿ, ಬ್ರೇಕ್ ಒತ್ತಿಹಿಡಿದು, ಕ್ಲಚ್ ಬಿಟ್ಟು ಅದನ್ನು ಬಲವಂತವಾಗಿ ನಿಲ್ಲಿಸಬೇಕಾಗುತ್ತದೆ.

ಪೆಟ್ರೋಲ್ ಎಂಜಿನ್ ಕಿಡಿಯಿಲ್ಲದೆ ಓಡದು. ಕಿಡಿ ಹುಟ್ಟಲು ಇಗ್ನಿಷನ್ ಕಾಯಿಲ್‌ಗೆ ಕರೆಂಟು ಬೇಕು. ಆ ಕರೆಂಟು ಬ್ಯಾಟರಿಯಿಂದ ಬರುವ ದಾರಿಯನ್ನು ಕೀ ಈಗಷ್ಟೇ ಕಡಿದುಹಾಕಿದೆ. ಆದರೂ ಎಂಜಿನ್ ಓಡುತ್ತಿದೆಯೆಂದರೆ ಕರೆಂಟು ಬೇರೆಲ್ಲಿಂದಲೋ ಬರುತ್ತಿದೆ. ಆ ದಾರಿ ಪತ್ತೆಯಾದರೆ ಆಲ್ಟರ್ನೇಟರಿನ ಮುಕ್ಕಾಲು ಪಾಲು ವಿಜ್ಞಾನ ತಿಳಿದಂತೆಯೇ. ಆದರೆ ಅದಕ್ಕೆ ಮೊದಲು ಈ ಟ್ರ್ಯಾಕ್ಟರ್ ಯಾವುದು, ಅದಕ್ಕೇಕೆ ಈ ಬದಲಾವಣೆ ಎಂದು ನೋಡಬೇಕು.

ಹೆನ್ರಿ ಫೋರ್ಡ್ ಮತ್ತು ಐರ್ಲೆಂಡಿನ ಹ್ಯಾರಿ ಫರ್ಗುಸನ್ 1938ರಲ್ಲಿ ಕಾಗದಪತ್ರವಿಲ್ಲದೆ, ಕೇವಲ ಕೈಕುಲುಕಿ ಒಂದು ಒಪ್ಪಂದ ಮಾಡಿಕೊಂಡರು. ನೇಗಿಲನ್ನು ಮೂರು ಬಿಂದುಗಳಲ್ಲಿ ಟ್ರ್ಯಾಕ್ಟರಿಗೆ ಜೋಡಿಸಿ ಹೈಡ್ರಾಲಿಕ್‌ನಿಂದ ಎತ್ತಿಳಿಸುವ ಫರ್ಗುಸನ್‌ನ ವಿಧಾನವೂ ಫೋರ್ಡ್ ಕಾರ್ಖಾನೆಯ ಉತ್ಪಾದನಾ ಶಕ್ತಿಯೂ ಸೇರಿ 1939ರಲ್ಲಿ 9ಎನ್ ಬಂತು, ಯುದ್ಧಕಾಲದಲ್ಲಿ 2ಎನ್ ಬಂತು. ಯುದ್ಧ ಮುಗಿದ ಮೇಲೆ ಫೋರ್ಡ್ ಕಂಪನಿ ಒಪ್ಪಂದದಿಂದ ಹೊರಬಂದು 1947ರಲ್ಲಿ 8ಎನ್ ಹೊರತಂದಿತು. ಫರ್ಗುಸನ್ ಕೋರ್ಟಿಗೆ ಹೋದ. 1952ರಲ್ಲಿ ತೊಂಬತ್ತೆರಡೂವರೆ ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ 5 ಲಕ್ಷಕ್ಕೂ ಹೆಚ್ಚು 8ಎನ್‌ಗಳು ಅಮೆರಿಕದ ಹೊಲಗಳಿಗೆ ಇಳಿದಿದ್ದವು. ಸುಮಾರು 2 ಲೀಟರಿನ, ನಾಲ್ಕು ಸಿಲಿಂಡರಿನ ಆ ಸರಳ ಎಂಜಿನ್ ಎಷ್ಟು ಗಟ್ಟಿಯೆಂದರೆ ಅವುಗಳಲ್ಲಿ ಬಹಳಷ್ಟು ಇಂದಿಗೂ ಹುಲ್ಲು ಕತ್ತರಿಸುತ್ತವೆ, ಹಿಮ ಸರಿಸುತ್ತವೆ.

ಗಟ್ಟಿಯಲ್ಲದ್ದು ಅದರ ವಿದ್ಯುತ್ ವ್ಯವಸ್ಥೆ. ಕಾರ್ಖಾನೆಯಿಂದ ಬಂದ 8ಎನ್‌ಗೆ ಇದ್ದದ್ದು 6 ವೋಲ್ಟಿನ ಬ್ಯಾಟರಿ, ಅದರ ಪಾಸಿಟಿವ್ ತುದಿ ಚಾಸಿಗೆ ಅರ್ತ್. 6 ವೋಲ್ಟಿನಲ್ಲಿ ತಪ್ಪೇನಿಲ್ಲ, ಆದರೆ ಅದು ತುಕ್ಕನ್ನು ಸಹಿಸುವುದಿಲ್ಲ. ಸೆಲ್ಫ್ ಮೋಟರಿಗೆ 1,200 ವ್ಯಾಟ್ ಬೇಕೆಂದು ಇಟ್ಟುಕೊಳ್ಳಿ. 6 ವೋಲ್ಟಿನಲ್ಲಿ ಅದಕ್ಕೆ 200 ಆಂಪ್ ಹರಿಯಬೇಕು. ಕೇಬಲ್ಲಿನ ಜೋಡಣೆಗಳಲ್ಲಿ ತುಕ್ಕು ಹಿಡಿದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಹುಟ್ಟಿಕೊಂಡರೆ ಅಲ್ಲೇ 2 ವೋಲ್ಟ್ ಕಳೆದುಹೋಗುತ್ತದೆ, ಅಂದರೆ ಇದ್ದದ್ದರಲ್ಲಿ ಮೂರನೇ ಒಂದು ಪಾಲು. ಅದೇ ಶಕ್ತಿಯನ್ನು 12 ವೋಲ್ಟಿನಲ್ಲಿ ಕೊಟ್ಟರೆ 100 ಆಂಪ್ ಸಾಕು, ನಷ್ಟ 1 ವೋಲ್ಟ್, ಹನ್ನೆರಡರಲ್ಲಿ ಒಂದು ಪಾಲು. ವೋಲ್ಟೇಜ್ ಎರಡರಷ್ಟಾದರೆ ನಷ್ಟದ ಪಾಲು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಚಳಿಗಾಲದ ಬೆಳಗ್ಗೆ ದಪ್ಪಗಾದ ಆಯಿಲ್‌ನಲ್ಲಿ ಎಂಜಿನ್ ತಿರುಗಿಸಬೇಕಾದ ರೈತನಿಗೆ ಈ ವ್ಯತ್ಯಾಸ ದೊಡ್ಡದು. ಹಾಗಾಗಿ ಜನರಲ್ ಮೋಟರ್ಸ್ ಕಾರುಗಳಲ್ಲಿ 1970ರ ದಶಕದಿಂದ ಬಳಕೆಯಲ್ಲಿದ್ದ, ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರನ್ನು ಒಡಲಲ್ಲೇ ಇಟ್ಟುಕೊಂಡ ಡೆಲ್ಕೊ 10ಎಸ್‌ಐ ಆಲ್ಟರ್ನೇಟರ್ ಇಂಥ ಟ್ರ್ಯಾಕ್ಟರುಗಳ ಮಗ್ಗುಲಿಗೆ ಬಂದು ಕೂತಿತು. ಅಗ್ಗ, ಎಲ್ಲೆಡೆ ಸಿಗುತ್ತದೆ, ಚಿಕ್ಕದೊಂದು ಬ್ರ್ಯಾಕೆಟ್ ಇದ್ದರೆ ಕೂರುತ್ತದೆ. ಕೂರಿಸುವುದು ಸುಲಭ ಎಂಬುದೇ ಮುಂದಿನ ತೊಂದರೆಗಳಿಗೆ ಕಾರಣ. ಡೈನಮೊ ತನ್ನ ಸುತ್ತಲ ವೈರಿಂಗಿನಿಂದ ಬಯಸುತ್ತಿದ್ದುದು ಒಂದು, ಆಲ್ಟರ್ನೇಟರ್ ಬಯಸುವುದು ಮತ್ತೊಂದು.

ಮೈಕಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮ ಎರಡಕ್ಕೂ ಒಂದೇ: ತಂತಿಯ ಸುರುಳಿಯನ್ನು ಹಾಯುವ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಡೈನಮೊದಲ್ಲಿ ಕಾಂತ ಹೊರಗೆ ನಿಂತಿರುತ್ತದೆ, ಸುರುಳಿ ಒಳಗೆ ತಿರುಗುತ್ತದೆ. ತಿರುಗುವ ಸುರುಳಿಯಲ್ಲಿ ಹುಟ್ಟುವುದು ಹಿಂದುಮುಂದಾಗುವ ಕರೆಂಟು, ಅಂದರೆ ಎಸಿ. ಕಾಮ್ಯುಟೇಟರ್ ಎಂಬ ಸೀಳು ಸೀಳಾದ ತಾಮ್ರದ ಬಳೆ ಪ್ರತಿ ಅರ್ಧ ಸುತ್ತಿಗೂ ಸಂಪರ್ಕ ಅದಲುಬದಲು ಮಾಡಿ ಅದನ್ನು ಒಂದೇ ದಿಕ್ಕಿಗೆ ತರುತ್ತದೆ. ಡೈನಮೊ ಕೊಡುವ ಕರೆಂಟೆಲ್ಲ ಆ ಬಳೆಯನ್ನು ಉಜ್ಜುವ ಕಾರ್ಬನ್ ಬ್ರಷ್‌ಗಳ ಮೂಲಕವೇ ಹೊರಬರಬೇಕು. ಕರೆಂಟು ಹೆಚ್ಚಿದರೆ ಕಿಡಿ ಹಾರುತ್ತದೆ, ಬಳೆ ಸವೆಯುತ್ತದೆ. ತುಂಬ ವೇಗವಾಗಿ ತಿರುಗಿಸಿದರೆ ಸುರುಳಿಯ ತಂತಿಗಳೇ ಕಿತ್ತುಬರುತ್ತವೆ, ಆದ್ದರಿಂದ ಅದನ್ನು ನಿಧಾನವಾಗಿಯೇ ತಿರುಗಿಸಬೇಕು. ನಿಧಾನವಾಗಿ ತಿರುಗಿದರೆ ಐಡ್ಲಿಂಗ್‌ನಲ್ಲಿ ಚಾರ್ಜ್ ಆಗದು.

ಆಲ್ಟರ್ನೇಟರ್ ಇದನ್ನು ತಿರುವುಮುರುವು ಮಾಡಿತು. ಕಾಂತ (ರೋಟರ್) ಒಳಗೆ ತಿರುಗುತ್ತದೆ, ಸುರುಳಿಗಳು (ಸ್ಟೇಟರ್) ಹೊರಗೆ ನಿಂತಿವೆ. ಬ್ರಷ್‌ಗಳ ಮೂಲಕ ಈಗ ಹೋಗಬೇಕಾದದ್ದು ಒಳಗಿನ ವಿದ್ಯುತ್‌ಕಾಂತಕ್ಕೆ ಬೇಕಾದ ಕರೆಂಟು ಮಾತ್ರ. ಹೆಚ್ಚೆಂದರೆ ನಾಲ್ಕೈದು ಆಂಪ್. ಹೊರಬರುವ 40–60 ಆಂಪ್ ನಿಂತ ಸುರುಳಿಯಿಂದ, ದಪ್ಪ ತಾಮ್ರದಲ್ಲಿ, ಉಜ್ಜಾಟವಿಲ್ಲದೆ ಬರುತ್ತದೆ. 10ಎಸ್‌ಐಯ ರೋಟರಿನಲ್ಲಿ ಪಂಜದ ಬೆರಳುಗಳಂತೆ ಹೆಣೆದುಕೊಂಡ 14 ಧ್ರುವಗಳಿವೆ. ಒಂದು ಸುತ್ತಿಗೆ ಏಳು ಆವರ್ತನ; ನಿಮಿಷಕ್ಕೆ 2,000 ಸುತ್ತಾದರೆ ಸೆಕೆಂಡಿಗೆ 233. ಈ ಎಸಿಯನ್ನು ಡಿಸಿ ಮಾಡಲು ಕಾಮ್ಯುಟೇಟರ್ ಇಲ್ಲ, ಆರು ಸಿಲಿಕಾನ್ ಡಯೋಡ್‌ಗಳಿವೆ. ಹಣಕ್ಕೂ ಜಾಗಕ್ಕೂ ಒಗ್ಗುವ ಸಿಲಿಕಾನ್ ಡಯೋಡ್ ಬರುವ ತನಕ ವಾಹನಗಳಲ್ಲಿ ಆಲ್ಟರ್ನೇಟರ್ ಅಪರೂಪವಾಗಿತ್ತು. ಕ್ರೈಸ್ಲರ್ ಕಂಪನಿ 1960ರ ವ್ಯಾಲಿಯಂಟ್ ಕಾರಿನಲ್ಲಿ ಅದನ್ನು ಅಳವಡಿಸಿದ ಮೇಲೆ ಡೈನಮೊದ ಕಾಲ ಬೇಗ ಮುಗಿಯಿತು.

ಡಯೋಡ್ ಒಂದೇ ದಿಕ್ಕಿಗೆ ಕರೆಂಟು ಬಿಡುತ್ತದೆ. ಡೈನಮೊ ನಿಂತಾಗ ಬ್ಯಾಟರಿಯ ಕರೆಂಟು ಅದರೊಳಕ್ಕೆ ಹಿಂದೆ ಹರಿಯದಂತೆ ತಡೆಯಲು ಕಟ್‌ಔಟ್ ಎಂಬ ರಿಲೇ ಬೇಕಿತ್ತು. ಆಲ್ಟರ್ನೇಟರಿನಲ್ಲಿ ಆ ಕೆಲಸವನ್ನೂ ಡಯೋಡ್‌ಗಳೇ ಮಾಡುತ್ತವೆ. ಹಳೆಯ ಕಟ್‌ಔಟ್ ಮತ್ತು ರೆಗ್ಯುಲೇಟರನ್ನು ಪೂರ್ತಿ ತೆಗೆದುಹಾಕಬೇಕು. ಅವನ್ನು ಹಾಗೇ ಬಿಟ್ಟು, ಹಳೆಯ ವೈರನ್ನೇ ಹೊಸ ಆಲ್ಟರ್ನೇಟರಿಗೆ ಎಳೆದು, ಚಾರ್ಜ್ ಯಾಕೆ ಏರಿಳಿಯುತ್ತಿದೆಯೆಂದು ದಿನಗಟ್ಟಲೆ ತಲೆಕೆಡಿಸಿಕೊಳ್ಳುವವರಿದ್ದಾರೆ.

ಡಯೋಡ್‌ಗಳ ಈ ಒಮ್ಮುಖ ಸ್ವಭಾವವೇ ಮೊದಲ ಅಪಾಯ ಕೂಡ. 10ಎಸ್‌ಐ ನೆಗೆಟಿವ್ ಅರ್ತ್‌ಗೆ ಮಾಡಿದ್ದು. ಬ್ಯಾಟರಿಯನ್ನು ಹಳೆಯ ಅಭ್ಯಾಸದಂತೆ ಪಾಸಿಟಿವ್ ಅರ್ತ್ ಕೊಟ್ಟು ಜೋಡಿಸಿದರೆ, ಡಯೋಡ್‌ಗಳು ತಡೆಯಬೇಕಾದ ದಿಕ್ಕೇ ಅವು ಬಿಡುವ ದಿಕ್ಕಾಗುತ್ತದೆ. ಬ್ಯಾಟರಿಗೆ ಅಡ್ಡಲಾಗಿ ಎರಡೆರಡು ಡಯೋಡ್‌ಗಳು ತೆರೆದ ಬಾಗಿಲಾಗಿ ನಿಲ್ಲುತ್ತವೆ. ನಡುವೆ ಫ್ಯೂಸ್ ಇರುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಡಯೋಡ್ ಸುಡುತ್ತದೆ, ಇಲ್ಲವೇ ವೈರ್ ಕೆಂಪಗಾಗುತ್ತದೆ. ಆದ್ದರಿಂದ ಬ್ಯಾಟರಿಯನ್ನು ತಿರುಗಿಸಿ ನೆಗೆಟಿವ್ ಅರ್ತ್ ಮಾಡುವುದು ಈ ಇಡೀ ಕೆಲಸದ ಮೊದಲ ಹೆಜ್ಜೆ.

ಹಾಗೆ ತಿರುಗಿಸಿದರೆ ಸೆಲ್ಫ್ ಮೋಟರ್ ಉಲ್ಟಾ ತಿರುಗುವುದಿಲ್ಲವೇ ಎಂದು ಕೇಳುವವರು ಬಹಳ. ತಿರುಗುವುದಿಲ್ಲ. ಅದರಲ್ಲಿ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿ ಮತ್ತು ತಿರುಗುವ ಆರ್ಮೇಚರ್ ಒಂದರ ಹಿಂದೊಂದು ಸರಣಿಯಲ್ಲಿವೆ. ಬ್ಯಾಟರಿ ತಿರುಗಿದರೆ ಎರಡರಲ್ಲೂ ಕರೆಂಟು ದಿಕ್ಕು ಬದಲಿಸುತ್ತದೆ. ತಿರುಗಿಸುವ ಬಲ ಆ ಎರಡು ಕರೆಂಟುಗಳ ಗುಣಲಬ್ಧ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ಸೇ. 6 ವೋಲ್ಟಿನ ಸೆಲ್ಫ್ ಮೋಟರನ್ನೇ 12ರಲ್ಲೂ ಬಳಸುವವರು ಹೆಚ್ಚು. ಅದು ತಡೆದುಕೊಳ್ಳುತ್ತದೆ, ಆದರೆ ಫ್ಲೈವೀಲಿನ ಹಲ್ಲುಗಳಿಗೆ ಬಡಿಯುವ ಪೆಟ್ಟು ಜೋರಾಗುತ್ತದೆ, ಬೇಗ ಬಿಸಿಯಾಗುತ್ತದೆ. ಕೆಲವೇ ಸೆಕೆಂಡು ಒತ್ತಿ ಬಿಡಬೇಕು. ಅಮ್ಮೀಟರಿನ ಎರಡು ವೈರ್‌ಗಳನ್ನು ಅದಲುಬದಲು ಮಾಡದಿದ್ದರೆ ಚಾರ್ಜ್ ಆಗುವಾಗ ಡಿಸ್‌ಚಾರ್ಜ್ ತೋರಿಸುತ್ತದೆ. ಲೈಟಿನ ಬಲ್ಬ್‌ಗಳು 12 ವೋಲ್ಟಿನವಾಗಬೇಕು. ದುಂಡನೆಯ ಕಾಯಿಲ್ ಇರುವ ಟ್ರ್ಯಾಕ್ಟರಿನಲ್ಲಿ ಕಾಯಿಲ್‌ನ ನೆಗೆಟಿವ್ ತುದಿ ಡಿಸ್ಟ್ರಿಬ್ಯೂಟರಿನ ಕಡೆಗೆ ಹೋಗಬೇಕು. ಸ್ಪಾರ್ಕ್ ಪ್ಲಗ್ಗಿನ ನಡುವಿನ ಕಡ್ಡಿ ಹೆಚ್ಚು ಬಿಸಿ, ಬಿಸಿ ಲೋಹದಿಂದ ಎಲೆಕ್ಟ್ರಾನ್ ಸುಲಭವಾಗಿ ಹೊರಡುತ್ತದೆ. ಅಲ್ಲಿ ನೆಗೆಟಿವ್ ಇದ್ದರೆ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ. ಉಲ್ಟಾ ಇದ್ದರೂ ಎಂಜಿನ್ ಓಡುತ್ತದೆ, ಲೋಡ್ ಬಿದ್ದಾಗ ಮುಗ್ಗರಿಸುತ್ತದೆ, ಮತ್ತು ಅದಕ್ಕೆ ಕಾರ್ಬ್ಯುರೇಟರ್ ಬೈಗುಳ ತಿನ್ನುತ್ತದೆ.

ಈಗ ನಿಲ್ಲದ ಎಂಜಿನ್ನಿನ ವಿಷಯಕ್ಕೆ ಬರೋಣ. ಡೈನಮೊದ ಕಬ್ಬಿಣದಲ್ಲಿ ಸದಾ ಒಂದಿಷ್ಟು ಕಾಂತತೆ ಉಳಿದಿರುತ್ತದೆ. ತಿರುಗಿದ ಕೂಡಲೇ ಆ ಉಳಿಕೆಯಿಂದ ಸಣ್ಣ ವೋಲ್ಟೇಜ್, ಅದರಿಂದ ಫೀಲ್ಡ್ ಸುರುಳಿಗೆ ಸಣ್ಣ ಕರೆಂಟು, ಅದರಿಂದ ಇನ್ನಷ್ಟು ಕಾಂತತೆ. ಹೀಗೆ ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. 1860ರ ದಶಕದ ಕೊನೆಯಲ್ಲಿ ವರ್ನರ್ ಸೀಮೆನ್ಸ್ ಮತ್ತು ಚಾರ್ಲ್ಸ್ ವೀಟ್‌ಸ್ಟನ್ ಬೇರೆ ಬೇರೆಯಾಗಿಯೇ ಜಗತ್ತಿಗೆ ತೋರಿಸಿದ ತತ್ವ ಇದು. ಆಲ್ಟರ್ನೇಟರಿನ ರೋಟರಿನಲ್ಲೂ ತುಸು ಕಾಂತತೆ ಉಳಿದಿರುತ್ತದೆ, ಆದರೆ ಹುಟ್ಟಿದ ವೋಲ್ಟೇಜ್ ಹೊರಬರಲು ಡಯೋಡ್‌ಗಳನ್ನು ದಾಟಬೇಕು. ಸಿಲಿಕಾನ್ ಡಯೋಡ್ ಒಂದಕ್ಕೆ ಸುಮಾರು 0.7 ವೋಲ್ಟ್ ಸುಂಕ, ದಾರಿಯಲ್ಲಿ ಎರಡು ಡಯೋಡ್. ನಿಧಾನವಾಗಿ ತಿರುಗುವಾಗ ಹುಟ್ಟುವ ಪುಡಿ ವೋಲ್ಟೇಜ್ ಆ ಸುಂಕಕ್ಕೇ ಮುಗಿದುಹೋಗುತ್ತದೆ. ಫುಟ್‌ವಾಲ್ವ್ ಸೋರುವ ಪಂಪ್‌ಸೆಟ್ಟಿಗೆ ಮೊದಲು ಒಂದು ಕೊಡ ನೀರು ಹೊಯ್ದರೆ ತಾನೇ ಅದು ಬಾವಿಯ ನೀರೆತ್ತುವುದು? ಆಲ್ಟರ್ನೇಟರಿಗೂ ಮೊದಲು ಬ್ಯಾಟರಿಯಿಂದ ಒಂದಿಷ್ಟು ಕರೆಂಟು ಕೊಡಬೇಕು.

ಅದಕ್ಕಾಗಿ 10ಎಸ್‌ಐಯ ಪಕ್ಕದಲ್ಲಿ 1 ಮತ್ತು 2 ಎಂದು ಗುರುತಿರುವ ಎರಡು ಚಪ್ಪಟೆ ಟರ್ಮಿನಲ್‌ಗಳಿವೆ. ಹಿಂದೆ ಬ್ಯಾಟರಿಗೆ ಹೋಗುವ ದಪ್ಪ ಬೋಲ್ಟ್ ಒಂದಿದೆ. ಕೀ ಆನ್ ಮಾಡಿದಾಗ 1ನೇ ಟರ್ಮಿನಲ್ ಮೂಲಕ ಮೊದಲ ಕರೆಂಟು ರೋಟರಿಗೆ ಹೋಗುತ್ತದೆ. 2ನೆಯದು ಬ್ಯಾಟರಿಯ ವೋಲ್ಟೇಜ್ ಎಷ್ಟಿದೆಯೆಂದು ರೆಗ್ಯುಲೇಟರಿಗೆ ತಿಳಿಸುವ ವೈರ್. ಎಂಜಿನ್ ಓಡತೊಡಗಿದ ಮೇಲೆ ಒಳಗಿನ ಮೂರು ಚಿಕ್ಕ ಡಯೋಡ್‌ಗಳ ಗುಂಪು ರೋಟರಿಗೆ ಬೇಕಾದ ಕರೆಂಟನ್ನು ಆಲ್ಟರ್ನೇಟರಿನಿಂದಲೇ ಒದಗಿಸುತ್ತದೆ, ಬ್ಯಾಟರಿಯ ಸಾಲ ಬೇಕಿಲ್ಲ. ಆದರೆ ಆ ಗುಂಪು ರೋಟರಿಗೆ ಜೋಡಿಸಿರುವುದು 1ನೇ ಟರ್ಮಿನಲ್ ಇರುವ ಕೂಡುಬಿಂದುವಿನಲ್ಲೇ. ಅಂದರೆ ಎಂಜಿನ್ ಓಡುವಾಗ 1ನೇ ಟರ್ಮಿನಲ್ ಕರೆಂಟು ತೆಗೆದುಕೊಳ್ಳುವ ಜಾಗವಾಗಿ ಉಳಿಯುವುದಿಲ್ಲ. 14 ವೋಲ್ಟ್ ಕೊಡಬಲ್ಲ ಜಾಗವಾಗಿರುತ್ತದೆ.

ಆ ವೈರ್ ಎಲ್ಲಿಗೆ ಹೋಗುತ್ತದೆ? ಕೀಯ ಹೊರಬದಿಯ ಟರ್ಮಿನಲ್ಲಿಗೆ. ಅದೇ ಟರ್ಮಿನಲ್ಲಿನಿಂದ ಇಗ್ನಿಷನ್ ಕಾಯಿಲ್‌ಗೂ ವೈರ್ ಹೊರಟಿದೆ. ಕೀ ಆಫ್ ಮಾಡಿದಾಗ ಬ್ಯಾಟರಿಯ ಬದಿ ಕಡಿಯಿತು, ನಿಜ. ಹೊರಬದಿಯಲ್ಲಿ ಆಲ್ಟರ್ನೇಟರ್ ಮತ್ತು ಕಾಯಿಲ್ ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇವೆ. ಬಂದ ದಾರಿಯಲ್ಲೇ ಕರೆಂಟು ಹಿಂದೆ ಹರಿದು ಕಾಯಿಲ್ ಸೇರುತ್ತದೆ, ಕಿಡಿ ಹಾರುತ್ತದೆ, ಎಂಜಿನ್ ತಿರುಗುತ್ತದೆ, ಎಂಜಿನ್ ತಿರುಗುವುದರಿಂದ ಆಲ್ಟರ್ನೇಟರ್ ತಿರುಗುತ್ತದೆ. ಡೈನಮೊ ಇದ್ದಾಗ ಕೀಗೂ ಅದಕ್ಕೂ ಯಾವ ವೈರಿನ ನಂಟೂ ಇರಲಿಲ್ಲವಾದ್ದರಿಂದ ಇಂಥ ಹಿಂಬಾಗಿಲು ಹಳೆಯ ವೈರಿಂಗಿನಲ್ಲಿ ಇರಲೇ ಇಲ್ಲ.

ಪರಿಹಾರ ಎರಡು ಬಗೆ. 1ನೇ ಟರ್ಮಿನಲ್ಲಿಗೆ ಹೋಗುವ ವೈರಿನಲ್ಲಿ ಒಂದು ಡಯೋಡ್ ಹಾಕಿ, ಅದರ ಗೆರೆಯಿರುವ ತುದಿ ಆಲ್ಟರ್ನೇಟರಿನ ಕಡೆಗಿರಲಿ. ಕರೆಂಟು ಹೋಗುತ್ತದೆ, ಹಿಂದೆ ಬರುವುದಿಲ್ಲ. ಆದರೆ ಬರೀ ಡಯೋಡ್ ಹಾಕಿದರೆ, ಕೀ ಆನ್ ಆಗಿ ಎಂಜಿನ್ ನಿಂತಿರುವಾಗ ರೋಟರಿಗೆ ನಾಲ್ಕು ಆಂಪ್‌ವರೆಗೂ ಹರಿಯಬಹುದು. 1 ಆಂಪಿನ ಪುಟ್ಟ ಡಯೋಡ್ ಅದಕ್ಕೆ ಸುಟ್ಟುಹೋಗುತ್ತದೆ; 5–6 ಆಂಪ್ ತಾಳುವಂಥದು ಬೇಕು. ನನ್ನ ಮೆಚ್ಚುಗೆ ಎರಡನೆಯ ಪರಿಹಾರಕ್ಕೆ: ಡಯೋಡಿನ ಬದಲು 2–3 ವ್ಯಾಟಿನ ಒಂದು ತಂತಿ ಬಲ್ಬ್. 2 ವ್ಯಾಟಿನ ಬಲ್ಬ್ 12 ವೋಲ್ಟಿಗೆ ಸುಮಾರು 0.17 ಆಂಪ್ ಬಿಡುತ್ತದೆ. ಆಲ್ಟರ್ನೇಟರನ್ನು ಎಬ್ಬಿಸಲು ಅಷ್ಟು ಸಾಕು, ಹಿಂದೆ ಹರಿದು ಕಿಡಿ ಹಚ್ಚಲು ಸಾಲದು. ಕೀ ಆನ್ ಮಾಡಿದಾಗ ಅದು ಬೆಳಗುತ್ತದೆ. ಚಾರ್ಜಿಂಗ್ ಶುರುವಾದ ಕೂಡಲೇ ಅದರ ಎರಡೂ ಬದಿಗೆ 14 ವೋಲ್ಟ್ ಬಂದು, ವ್ಯತ್ಯಾಸವಿಲ್ಲದೆ ಕರೆಂಟು ಹರಿಯದೆ ಆರುತ್ತದೆ. ಕೆಲವೇ ರೂಪಾಯಿಯ ಆ ಬಲ್ಬ್ ಕರೆಂಟನ್ನು ಮಿತಿಯಲ್ಲಿಡುತ್ತದೆ, ಹಿಂಬಾಗಿಲು ಮುಚ್ಚುತ್ತದೆ, ಆಲ್ಟರ್ನೇಟರ್ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂದೂ ಹೇಳುತ್ತದೆ. ಇಷ್ಟು ಅಚ್ಚುಕಟ್ಟಾದ ಇನ್ನೊಂದು ಏರ್ಪಾಟು ಇಡೀ ವಾಹನದಲ್ಲಿ ನನಗೆ ಕಂಡಿಲ್ಲ.

ಆ ಬಲ್ಬ್ ಸುಟ್ಟಾಗ ಹೊಳೆಯುವ ಎಲ್‌ಇಡಿ ಹಾಕಿಬಿಡುವುದು ಈಚಿನ ಚಾಳಿ. ಎಲ್‌ಇಡಿ ಬಿಡುವ ಕರೆಂಟು ಆಂಪಿನ ನೂರರಲ್ಲಿ ಒಂದೆರಡು ಭಾಗ. ದೀಪ ಚೆನ್ನಾಗಿ ಬೆಳಗುತ್ತದೆ, ರೋಟರಿಗೆ ಬೇಕಾದದ್ದು ಸಿಗುವುದಿಲ್ಲ, ಚಾರ್ಜ್ ಶುರುವೇ ಆಗುವುದಿಲ್ಲ. ಹೊಸ ಆಲ್ಟರ್ನೇಟರ್ ಕೊಂಡು ತಂದರೂ ಆಗುವುದಿಲ್ಲ.

ಚಾರ್ಜ್ ಆಗುತ್ತಿಲ್ಲ ಎಂಬ ದೂರು ಬಂದಾಗ ಬಿಚ್ಚುವುದಕ್ಕೆ ಮೊದಲು ಅಳೆಯಬೇಕು. ಎಂಜಿನ್ ನಿಂತು ಕೆಲವು ಗಂಟೆಯಾದ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಒಂದೊಂದು ಸೆಲ್ 2.1ರಂತೆ ಆರು ಸೆಲ್. ಎಂಜಿನ್ ಮಧ್ಯಮ ವೇಗದಲ್ಲಿ ಓಡುವಾಗ ಬ್ಯಾಟರಿಯ ಕಂಬಗಳ ಮೇಲೆ 13.8ರಿಂದ 14.4 ಇರಬೇಕು. 12.6ಕ್ಕಿಂತ ಮೇಲೇರುತ್ತಲೇ ಇಲ್ಲವೆಂದರೆ ಎಂಜಿನ್ ನಿಲ್ಲಿಸಿ, ಕೀ ಆನ್ ಮಾಡಿ, ಆಲ್ಟರ್ನೇಟರಿನ ಹಿಂಬದಿ ಬೇರಿಂಗಿನ ಹತ್ತಿರ ಒಂದು ಸ್ಪ್ಯಾನರ್ ಹಿಡಿದು ನೋಡಿ. ರೋಟರಿನಲ್ಲಿ ಕರೆಂಟು ಹರಿಯುತ್ತಿದ್ದರೆ ಅದರ ಉಕ್ಕಿನ ದಂಡ ಕಾಂತವಾಗಿ ಸ್ಪ್ಯಾನರನ್ನು ಎಳೆಯುತ್ತದೆ. ಬಲ್ಬಿನ ಮೂಲಕ ಬರುವ ಸಣ್ಣ ಕರೆಂಟಾದರೆ ಎಳೆತ ಮೆಲ್ಲಗೆ, ಆದರೂ ಕೈಗೆ ತಿಳಿಯುತ್ತದೆ. 1820ರಲ್ಲಿ ಕೋಪನ್‌ಹೇಗನ್ನಿನಲ್ಲಿ ಏರ್‌ಸ್ಟೆಡ್ ಕರೆಂಟು ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡದ್ದು ಇದೇ ವಿದ್ಯಮಾನ. ಈ ಒಂದು ಪರೀಕ್ಷೆ ಸಮಸ್ಯೆಯನ್ನು ಎರಡು ಹೋಳು ಮಾಡುತ್ತದೆ. ಎಳೆತ ಇಲ್ಲವೆಂದರೆ ಕರೆಂಟು ರೋಟರಿಗೆ ತಲುಪುತ್ತಿಲ್ಲ: ಬಲ್ಬ್, ವೈರ್, ಬ್ರಷ್, ರೆಗ್ಯುಲೇಟರ್, ಈ ಸಾಲಿನಲ್ಲಿ ಹುಡುಕಿ. ಎಳೆತ ಇದ್ದೂ ಚಾರ್ಜ್ ಇಲ್ಲವೆಂದರೆ ಕಾಂತ ಸಿದ್ಧವಿದೆ, ತೊಂದರೆ ಸ್ಟೇಟರ್, ಡಯೋಡ್, ಹೊರಗಿನ ವೈರ್, ಇಲ್ಲವೇ ಬೆಲ್ಟ್ ಕಡೆಗಿದೆ.

ಬೆಲ್ಟನ್ನು ಹಗುರವಾಗಿ ಎಣಿಸಬಾರದು. 60 ಆಂಪ್, 14 ವೋಲ್ಟ್ ಎಂದರೆ 840 ವ್ಯಾಟ್. ಆಲ್ಟರ್ನೇಟರಿನ ದಕ್ಷತೆ ಅರ್ಧಕ್ಕಿಂತ ತುಸು ಹೆಚ್ಚು ಎಂದರೂ ಬೆಲ್ಟ್ ಎಳೆಯಬೇಕಾದದ್ದು ಎರಡು ಅಶ್ವಶಕ್ತಿ. ಬ್ಯಾಟರಿ ಬರಿದಾಗಿದ್ದಾಗ ಆಲ್ಟರ್ನೇಟರ್ ತನ್ನ ಪೂರ್ತಿ ಬಲದಿಂದ ಕೊಡಲು ಹೊರಡುತ್ತದೆ, ಸಡಿಲ ಬೆಲ್ಟ್ ಆಗ ಕಿರುಚುತ್ತದೆ. ಪುಲ್ಲಿಯ ಒಳಬದಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೆಲ್ಟ್ ಜಾರುತ್ತಿದೆ.

ಬೆಲ್ಟ್ ಸರಿಯಿದ್ದರೂ ವೇಗ ಸಾಲದಿರಬಹುದು. ಒಂದೇ ವೈರಿನ ಆಲ್ಟರ್ನೇಟರ್ ಎಂದು ಮಾರುವ ಮಾದರಿಗಳಿವೆ. ಅವುಗಳ ರೆಗ್ಯುಲೇಟರ್ ಉಳಿಕೆ ಕಾಂತತೆಯಿಂದಲೇ ಎಚ್ಚರಗೊಳ್ಳುವಂತೆ ಮಾಡಲಾಗಿದೆ, 1 ಮತ್ತು 2ಕ್ಕೆ ವೈರ್ ಬೇಡ. ಕೀಯ ಜೊತೆ ನಂಟೇ ಇಲ್ಲದ್ದರಿಂದ ಎಂಜಿನ್ ನಿಲ್ಲದಿರುವ ತೊಂದರೆಯೂ ಇಲ್ಲ. ಆದರೆ ಡಯೋಡಿನ ಸುಂಕ ಕಟ್ಟುವಷ್ಟು ವೋಲ್ಟೇಜ್ ಹುಟ್ಟಬೇಕಾದರೆ ಅದು ಜೋರಾಗಿ ತಿರುಗಬೇಕು. ಕಾರಿನ ಎಂಜಿನ್ ಐಡ್ಲಿಂಗ್‌ನಲ್ಲಿ 700 ಸುತ್ತು ತಿರುಗಿ, ಪುಲ್ಲಿಯ ಅನುಪಾತ ಮೂರಿದ್ದರೆ ಆಲ್ಟರ್ನೇಟರಿಗೆ 2,100 ಸಿಗುತ್ತದೆ. ಹಳೆಯ ಟ್ರ್ಯಾಕ್ಟರ್ 450ರಲ್ಲಿ ಗುಡುಗುಡು ಎನ್ನುತ್ತಿರುತ್ತದೆ. ಅನುಪಾತ ಎರಡಿದ್ದರೆ ಸಿಗುವುದು 900. ಅಲ್ಲಿಗೆ ಅದು ಎಚ್ಚರಗೊಳ್ಳುವುದಿಲ್ಲ. ಒಮ್ಮೆ ಥ್ರಾಟಲ್ ಏರಿಸಿದರೆ ಎಚ್ಚರಗೊಂಡು, ಆಮೇಲೆ ನಿಧಾನದಲ್ಲೂ ಚಾರ್ಜ್ ಮಾಡುತ್ತದೆ. ಇದು ಕೆಟ್ಟಿಲ್ಲ, ಇದರ ಗುಣವೇ ಹೀಗೆ. ದಿನವಿಡೀ ನಿಧಾನಗತಿಯಲ್ಲಿ ಕೆಲಸ ಮಾಡುವ ಟ್ರ್ಯಾಕ್ಟರಿಗೆ 1 ಮತ್ತು 2ಕ್ಕೂ ವೈರ್ ಎಳೆದ ಮೂರು ವೈರಿನದೇ ವಾಸಿ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಆಲ್ಟರ್ನೇಟರಿನ ಬೋಲ್ಟ್ ಮೇಲೆ 14.3 ವೋಲ್ಟ್ ಇರುತ್ತದೆ, ಬ್ಯಾಟರಿಯ ಮೇಲೆ 13.1 ಮಾತ್ರ. ನಡುವೆ 1.2 ವೋಲ್ಟ್ ಎಲ್ಲಿ ಹೋಯಿತು? ಮಲ್ಟಿಮೀಟರನ್ನು ಓಮಿಗಿಟ್ಟು ಆ ವೈರ್ ಅಳೆದರೆ ಸೊನ್ನೆ ತೋರಿಸುತ್ತದೆ, ವೈರ್ ಸರಿಯಿದೆ ಎಂದು ಜನ ಮುಂದೆ ಹೋಗುತ್ತಾರೆ. ಮೀಟರ್ ಸುಳ್ಳು ಹೇಳಿಲ್ಲ. ಓಮ್ ಅಳೆಯಲು ಅದು ಕಳಿಸುವುದು ಮಿಲಿಆಂಪಿನ ಕರೆಂಟು, ಮತ್ತು 0.06 ಓಮಿನಂಥ ತಡೆಯನ್ನು ಸಾಮಾನ್ಯ ಮೀಟರ್ ಕಾಣಲಾರದು. ಅದೇ ವೈರಿನಲ್ಲಿ 20 ಆಂಪ್ ಹರಿದಾಗ 0.06ನ್ನು 20ರಿಂದ ಗುಣಿಸಿ: 1.2 ವೋಲ್ಟ್. ಆದ್ದರಿಂದ ತಡೆಯನ್ನು ಓಮಿನಲ್ಲಿ ಹುಡುಕದೆ, ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಮೀಟರನ್ನು ವೋಲ್ಟಿಗಿಟ್ಟು ವೈರಿನ ಎರಡು ತುದಿಗೆ ಮುಟ್ಟಿಸಬೇಕು. ಆಲ್ಟರ್ನೇಟರಿನ ಬೋಲ್ಟಿನಿಂದ ಬ್ಯಾಟರಿಯ ಪಾಸಿಟಿವ್‌ವರೆಗೆ 0.3 ವೋಲ್ಟಿಗಿಂತ ಹೆಚ್ಚು ಬಂದರೆ ದಾರಿಯಲ್ಲಿ ಎಲ್ಲೋ ಕೊಳೆ ಇದೆ. ನೆಗೆಟಿವ್ ಬದಿಯನ್ನೂ ಬಿಡಬಾರದು: ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ 0.2 ದಾಟಬಾರದು. ಎಲ್ಲರೂ ಮರೆಯುವುದು ಇದನ್ನೇ. ಕರೆಂಟು ಹೋಗುವುದಕ್ಕೆ ಎಷ್ಟು ದಾರಿ ಬೇಕೋ ಮರಳುವುದಕ್ಕೂ ಅಷ್ಟೇ ಬೇಕು. ಹೊಸದಾಗಿ ಬಣ್ಣ ಬಳಿದ ಟ್ರ್ಯಾಕ್ಟರಿನಲ್ಲಿ ಬ್ರ್ಯಾಕೆಟಿಗೂ ಎಂಜಿನ್ನಿಗೂ ನಡುವೆ ಚೆಂದದ ಬಣ್ಣದ ಪದರ ಇರುತ್ತದೆ. ಬಣ್ಣ ಕರೆಂಟು ಬಿಡುವುದಿಲ್ಲ. ಉಪ್ಪುಕಾಗದದಲ್ಲಿ ಲೋಹ ಹೊಳೆಯುವಂತೆ ಉಜ್ಜಿ, ಮೈಯಿಂದ ಚಾಸಿಗೆ ಒಂದು ದಪ್ಪ ಅರ್ತ್ ವೈರ್ ಎಳೆದರೆ ಅನೇಕ ಹೊಸ ಆಲ್ಟರ್ನೇಟರುಗಳ ಖರ್ಚು ಉಳಿಯುತ್ತದೆ.

2ನೇ ಟರ್ಮಿನಲ್ಲಿನ ವೈರ್ ಎಲ್ಲಿಂದ ವೋಲ್ಟೇಜ್ ಓದುತ್ತದೆ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅದನ್ನು ಆಲ್ಟರ್ನೇಟರಿನ ಬೋಲ್ಟಿಗೇ ಸುತ್ತಿಬಿಟ್ಟರೆ ರೆಗ್ಯುಲೇಟರ್ ತನ್ನ ಮನೆಬಾಗಿಲ 14.3 ಕಂಡು ತೃಪ್ತವಾಗುತ್ತದೆ. ಬ್ಯಾಟರಿಯ ಹತ್ತಿರದಿಂದ ಎಳೆದರೆ ಬ್ಯಾಟರಿಗೆ ನಿಜವಾಗಿ ತಲುಪಿದ್ದನ್ನು ನೋಡಿ, ನಡುವಿನ ನಷ್ಟ ತುಂಬುವಷ್ಟು ಏರಿಸಿ ಕೊಡುತ್ತದೆ.

ಇನ್ನು ಕಾಯಿಲ್. 6 ವೋಲ್ಟಿನ ಕಾಯಿಲ್‌ನ ತಡೆ ಒಂದೂವರೆ ಓಮ್ ಎಂದಿಟ್ಟುಕೊಂಡರೆ ಅದರಲ್ಲಿ 4 ಆಂಪ್, 24 ವ್ಯಾಟ್. 12 ವೋಲ್ಟ್ ಕೊಟ್ಟರೆ 8 ಆಂಪ್, 96 ವ್ಯಾಟ್. ಬಿಸಿ ನಾಲ್ಕು ಪಟ್ಟು. ಬದಲಿಸಿದ ಟ್ರ್ಯಾಕ್ಟರ್ ಅರ್ಧ ಗಂಟೆ ಚೆನ್ನಾಗಿ ಓಡಿ, ಮುಗ್ಗರಿಸಿ ನಿಂತು, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊತ್ತಿಕೊಂಡರೆ ಮೊದಲ ಅನುಮಾನ ಇದರ ಮೇಲೇ. 12 ವೋಲ್ಟಿನ ಕಾಯಿಲ್ ಹಾಕಬೇಕು, ಇಲ್ಲವೇ ಹಳೆಯದರ ಜೊತೆ ಸರಣಿಯಲ್ಲಿ ತಕ್ಕ ರೆಸಿಸ್ಟರ್ ಹಾಕಬೇಕು.

ರಾತ್ರಿ ಕಳೆದರೆ ಬ್ಯಾಟರಿ ಬರಿದಾಗುತ್ತದೆ ಎಂಬ ದೂರಿನಲ್ಲಿ ಡಯೋಡ್ ಅಪರಾಧಿಯಾಗಿರಬಹುದು. ಆರರಲ್ಲಿ ಒಂದು ಸೀಳಿ ಎರಡೂ ದಿಕ್ಕಿಗೆ ಕರೆಂಟು ಬಿಡತೊಡಗಿದರೆ ತಡೆಯುವ ಬಾಗಿಲು ತೆರೆದಂತೆ. ಎಂಜಿನ್ ಓಡುವಾಗ ಮೀಟರನ್ನು ಎಸಿಗಿಟ್ಟು ಬ್ಯಾಟರಿ ಮುಟ್ಟಿಸಿ ನೋಡಬಹುದು: ಡಯೋಡ್‌ಗಳು ಆರೋಗ್ಯವಾಗಿದ್ದರೆ ಎಸಿ ಅರ್ಧ ವೋಲ್ಟಿಗಿಂತ ಕೆಳಗಿರುತ್ತದೆ, ಒಂದು ಕೆಟ್ಟಿದ್ದರೆ ಅಲೆಗಳ ನಡುವೆ ಹಳ್ಳ ಬಿದ್ದು ಅದು ಏರುತ್ತದೆ. ಡಯೋಡ್ ಸಾಯುವುದಕ್ಕೆ ಬಲು ಸಾಮಾನ್ಯ ಕಾರಣ ನಮ್ಮದೇ ಹಳೆಯ ಅಭ್ಯಾಸ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು, ಎಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿಯಿದೆ ಎನ್ನುವ ಪರೀಕ್ಷೆ ಡೈನಮೊ ಕಾಲದಿಂದ ಬಂದದ್ದು. ಆಲ್ಟರ್ನೇಟರ್ 30 ಆಂಪ್ ಕೊಡುತ್ತಿರುವ ಹೊತ್ತಿನಲ್ಲಿ ಬ್ಯಾಟರಿ ದಿಢೀರನೆ ಮಾಯವಾದರೆ ರೋಟರಿನ ಕಾಂತತೆ ಅಷ್ಟೇ ದಿಢೀರನೆ ಇಳಿಯಲಾರದು. ಆ ಕ್ಷಣಗಳಲ್ಲಿ ವೋಲ್ಟೇಜ್ ಹತ್ತಾರು ವೋಲ್ಟಿಗೆ ಜಿಗಿದು ರೆಗ್ಯುಲೇಟರನ್ನೋ ಡಯೋಡನ್ನೋ ಕೊಲ್ಲುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇದು ಇನ್ನೂ ನಡೆಯುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಮಲ್ಟಿಮೀಟರ್ ಈಗ ಒಂದು ಹೊತ್ತಿನ ಕೂಲಿಗೆ ಸಿಗುತ್ತದೆ.

ಕರ್ನಾಟಕದ ಹೊಲಗಳಿಗೂ 8ಎನ್‌ಗೂ ದೂರದ ರಕ್ತಸಂಬಂಧವಿದೆ. ಫೋರ್ಡಿನಿಂದ ಬೇರೆಯಾದ ಫರ್ಗುಸನ್‌ನ ಕಂಪನಿಯೇ ಮುಂದೆ ಮ್ಯಾಸ್ಸಿ ಫರ್ಗುಸನ್ ಆಯಿತು. ಅದರ ಸಹಯೋಗದಲ್ಲಿ 1960ರಲ್ಲಿ ಹುಟ್ಟಿದ ಚೆನ್ನೈನ ಟಾಫೆ ಕಂಪನಿಯ ಟ್ರ್ಯಾಕ್ಟರುಗಳು ನಮ್ಮ ಊರುಗಳಿಗೆ ಬಂದವು. ಇಲ್ಲಿನ ಹಳೆಯ ಟ್ರ್ಯಾಕ್ಟರುಗಳು ಡೀಸೆಲ್ಲಿನವು, ಕಿಡಿಯೂ ಇಲ್ಲ ಕಾಯಿಲ್ಲೂ ಇಲ್ಲ. ಡೀಸೆಲ್ ತಡೆಯುವ ಸ್ಟಾಪ್ ಗುಬ್ಬಿ ಎಳೆದರೆ ಎಂಜಿನ್ ನಿಲ್ಲುತ್ತದೆ. ಡೈನಮೊ ತೆಗೆದು ಆಲ್ಟರ್ನೇಟರ್ ಕೂರಿಸಿದರೂ ಹಿಂಬಾಗಿಲ ಕರೆಂಟಿನಿಂದ ಎಂಜಿನ್ ಓಡುವ ಪ್ರಶ್ನೆಯಿಲ್ಲ. ಅರ್ತ್, ವೋಲ್ಟ್ ನಷ್ಟ, ಬೆಲ್ಟ್, ಬಲ್ಬಿನ ಕತೆಗಳೆಲ್ಲ ಹಾಗೆಯೇ ಅನ್ವಯಿಸುತ್ತವೆ, ಜೊತೆಗೆ ನಮ್ಮದೇ ಒಂದು ಸೇರಿಕೊಳ್ಳುತ್ತದೆ. ಬ್ಯಾಟರಿ ಸತ್ತ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಿಸಿ ಗೇರಿಗೆ ಹಾಕಿ ಸ್ಟಾರ್ಟ್ ಮಾಡುವುದು ಇಲ್ಲಿ ದಿನನಿತ್ಯದ ಮಾತು. ಡೈನಮೊ ಇದ್ದಾಗ ಹಾಗೆ ಸ್ಟಾರ್ಟ್ ಮಾಡಿ ಉಳುಮೆ ಮುಗಿಸುವಷ್ಟರಲ್ಲಿ ಬ್ಯಾಟರಿ ಸ್ವಲ್ಪವಾದರೂ ಚೇತರಿಸಿಕೊಳ್ಳುತ್ತಿತ್ತು, ಏಕೆಂದರೆ ಡೈನಮೊ ತನ್ನ ಉಳಿಕೆ ಕಾಂತತೆಯಿಂದಲೇ ಎದ್ದೇಳುತ್ತಿತ್ತು. ಆಲ್ಟರ್ನೇಟರ್ ಕೂರಿಸಿದ ಮೇಲೆ ದಿನವಿಡೀ ಉತ್ತರೂ ಬ್ಯಾಟರಿ ಸತ್ತೇ ಇರುತ್ತದೆ, ಮತ್ತು ಆಲ್ಟರ್ನೇಟರ್ ಕೆಟ್ಟಿದೆಯೆಂದು ಬಿಚ್ಚುತ್ತಾರೆ. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ರೋಟರಿಗೆ ಮೊದಲ ಕರೆಂಟು ಕೊಡುವವರು ಯಾರೂ ಇಲ್ಲ. ಎಂಜಿನ್ ಓಡುತ್ತಿರುವಾಗ ಇನ್ನೊಂದು 12 ವೋಲ್ಟಿನ ಬ್ಯಾಟರಿಯನ್ನು, ಪಾಸಿಟಿವ್‌ಗೆ ಪಾಸಿಟಿವ್ ನೆಗೆಟಿವ್‌ಗೆ ನೆಗೆಟಿವ್, ಜಂಪರ್ ವೈರಿನಲ್ಲಿ ಜೋಡಿಸಿ ಥ್ರಾಟಲ್ ಏರಿಸಿದರೆ ಬಲ್ಬ್ ಬೆಳಗಿ ಆರುತ್ತದೆ, ಚಾರ್ಜ್ ಶುರುವಾಗುತ್ತದೆ. ಸತ್ತ ಬ್ಯಾಟರಿ 12 ವೋಲ್ಟ್ ದಾಟಿ, ತಾನೇ ಕರೆಂಟು ಹಿಡಿದಿಟ್ಟುಕೊಳ್ಳತೊಡಗುವ ತನಕ ಜಂಪರ್ ತೆಗೆಯಬಾರದು. ಅಷ್ಟಾದರೂ ಏರದೆ ಉಳಿಯುವ ಬ್ಯಾಟರಿಯನ್ನು ಬದಲಾಯಿಸುವುದೇ ಸರಿ. ಅದನ್ನು ತುಂಬಿಸಲು ಹೆಣಗುತ್ತ ಗಂಟೆಗಟ್ಟಲೆ ಪೂರ್ತಿ ಕರೆಂಟು ಸುರಿದರೆ ಆಲ್ಟರ್ನೇಟರ್ ಬಿಸಿಯಾಗಿ ಅದರ ಡಯೋಡ್‌ಗಳೂ ಹೋಗುತ್ತವೆ.